ಅಡಿಟಿಪ್ಪಣಿಯ ಹೆಂಗಸರು

ಬಸ್ಸು ಚೇರಂಬಾಣೆ ಬಿಟ್ಟು ಮೊದಲ ತಿರುವು ಹಾಯುವ ಹೊತ್ತಿಗೇ ಯಮುನ ಚೀಲದ ಬಾಯಿಯನ್ನು ಎರಡು ಸಲ ಬಿಚ್ಚಿ ಕಟ್ಟಿದ್ದಳು. ತೊಡೆಯ ಮೇಲಿನ ಆ ಬಟ್ಟೆಚೀಲದಲ್ಲಿ ಅವಳ ಎಂ.ಎ. ಪ್ರಬಂಧದ ನಾಲ್ಕನೆಯ ಅಧ್ಯಾಯ ಇತ್ತು. ಹೋದ ಶನಿವಾರ ಪ್ರೊಫೆಸರ್ ಕೆಂಪಣ್ಣನವರು ಕೆಂಪು ಶಾಯಿಯಲ್ಲಿ ಮೀಯಿಸಿ ಹಿಂದಿರುಗಿಸಿದ್ದು ಒಂದು ಪ್ರತಿ, ಈ ವಾರವೆಲ್ಲ ಕೂತು ಅವಳು ಮತ್ತೆ ಬರೆದದ್ದು ಇನ್ನೊಂದು. ಹಳೆಯದಕ್ಕೂ ಹೊಸದಕ್ಕೂ ಹೇಳಿಕೊಳ್ಳುವಂಥ ವ್ಯತ್ಯಾಸವಿಲ್ಲ ಎಂಬುದು ಅವಳಿಗೇ ಗೊತ್ತಿತ್ತು. ಪಾತ್ರೆ ತೊಳೆದು ಅದೇ ಸಾರನ್ನು ಮತ್ತೆ ಸುರಿದಿಟ್ಟಂತೆ ಆಗಿತ್ತು. ಇವತ್ತು ಅಧ್ಯಾಯ ಒಪ್ಪಿಗೆಯಾಗಿ ಸಹಿ ಬೀಳದಿದ್ದರೆ ಪ್ರಬಂಧವನ್ನು ಈ ವರ್ಷ ಒಪ್ಪಿಸುವಂತಿಲ್ಲ. ಈ ವರ್ಷ ಒಪ್ಪಿಸದಿದ್ದರೆ ಮುಂದಿನ ವರ್ಷ ಮೈಸೂರಿಗೆ ಕಳಿಸುವುದಿಲ್ಲವೆಂದು ಅಪ್ಪ ದೇರಪ್ಪ ಸಿಟ್ಟಿಲ್ಲದೆ, ಹವಾಮಾನ ಹೇಳುವವರ ಹಾಗೆ ಹೇಳಿಬಿಟ್ಟಿದ್ದ. ಸಿಟ್ಟು ಮಾಡಿದ್ದರೆ ಅತ್ತಾದರೂ ಗೆಲ್ಲಬಹುದಿತ್ತು. ಕಿಟಕಿಯ ಹೊರಗೆ ಕಾಫಿ ಹೂವು ಉದುರಿ ಕಂದಾಗಿತ್ತು. ಮುಂದಿನ ಸೀಟಿನಲ್ಲಿ ಇಬ್ಬರು, ಕೊಡಗು ತನ್ನ ಪಾಡಿಗೆ ರಾಜ್ಯವಾಗಿ ಉಳಿಯಬೇಕೋ ಮೈಸೂರಿಗೆ ಸೇರಬೇಕೋ ಎಂದು, ತಾವಿಬ್ಬರೂ ಒಪ್ಪಿದರೆ ಸಾಯಂಕಾಲದೊಳಗೆ ತೀರ್ಮಾನವಾಗುತ್ತದೆ ಎಂಬಂತೆ ವಾದಿಸುತ್ತಿದ್ದರು. ಇವರಿಗೆಲ್ಲ ಅಭಿಪ್ರಾಯ ಎಷ್ಟು ಸಲೀಸಾಗಿ ಬರುತ್ತದೆ ಎಂದು ಅವಳಿಗೆ ಹೊಟ್ಟೆಕಿಚ್ಚಾಯಿತು.

ವಾದಿಸುತ್ತಿದ್ದವರಲ್ಲಿ ಒಬ್ಬರು ತಿರುಗಿದಾಗ ನೋಡಿದರೆ ಪಕ್ಕದ ಮನೆಯ ಪದ್ಮಯ್ಯ ಮಾವ. ಯಮುನ ಕೂತಲ್ಲೇ ಅರ್ಧ ಎದ್ದಳು. ದೊಡ್ಡವರು ಮುಖ ತಿರುಗಿಸಿದರೆ ಎದ್ದೇಳುವುದು ಅವಳ ಮೊಣಕಾಲಿಗೇ ಅಭ್ಯಾಸವಾಗಿತ್ತು. ಮಾವ ಕೂತುಕೊಳ್ಳುವಂತೆ ಕೈಮಾಡಿ, ಇನ್ನೂ ಆ ಮುಯ್ಯಾಳಿನ ಪುರಾಣವನ್ನೇ ಬರೆಯುತ್ತಿದ್ದೀಯಾ ಎಂದು ಬಸ್ಸಿಗೆಲ್ಲ ಕೇಳುವಂತೆ ವಿಚಾರಿಸಿದರು. ಹೌದೆಂದಳು. ಇವತ್ತು ನಾನು ನಿನ್ನ ಗದ್ದೆಗೆ ಬಂದರೆ ನಾಳೆ ನೀನು ನನ್ನ ಗದ್ದೆಗೆ ಬರುವುದು, ಕೂಲಿ ಇಲ್ಲ, ಆಳಿಗೆ ಆಳು, ದಿನಕ್ಕೆ ದಿನ: ಇದನ್ನು ಬರೆಯಲು ಮೈಸೂರಿನವರೆಗೆ ಹೋಗಿ ಹಾಸ್ಟೆಲಿನ ಅನ್ನ ತಿನ್ನಬೇಕೇ ಎಂಬ ಪ್ರಶ್ನೆ ಅವರ ಹುಬ್ಬಿನಲ್ಲಿತ್ತು.

"ಅದ್ ಈಗ ಎಲ್ಲಿ ಉಟ್ಟು ಮಗಳೇ? ನನ್ನ ಗದ್ದೆಗೆ ಯಾರೂ ಬಾದಿಲ್ಲೆ. ನಾ ಈಗ ಎಸ್ಟೇಟ್ ಲೈನಿಂದ ಕೂಲಿಗೆ ಆಳ್ ಹಿಡಿದೆ," ಎಂದರು ಪದ್ಮಯ್ಯ ಮಾವ.

ಇದೇ ಮಾತನ್ನು ಅವರು ಕಳೆದ ಮಳೆಗಾಲದಲ್ಲಿ, ಅವಳು ಪೆನ್ಸಿಲು ಹಿಡಿದು ಅವರ ಜಗಲಿಯಲ್ಲಿ ಕೂತಿದ್ದಾಗಲೂ ಹೇಳಿದ್ದರು. ಅವರ ಮಾತೇ ಅಧ್ಯಾಯದ ಮೊದಲ ಪುಟದಲ್ಲಿತ್ತು. ಅವರ ಹಿಂದೆ ಇನ್ನೂ ಹಲವು ಗಂಡಸರು ಇದ್ದರು, ಎಲ್ಲರೂ ಒಂದೇ ಬಾಯಲ್ಲಿ ಮುಯ್ಯಾಳು ಸತ್ತಿತು ಎಂದವರು. ಅವರ ಹಿಂದೆ ಮದರಾಸಿನ ವಿದ್ವಾಂಸರು, ಬಿಳಿಯ ಅಧಿಕಾರಿಗಳು ಬರೆದಿಟ್ಟ ವರದಿಗಳು, ಎಲ್ಲಕ್ಕೂ ಮೇಲೆ, ಮದುವೆಮನೆಯಲ್ಲಿ ದಿಂಬಿಗೆ ಒರಗಿ ಕೂತ ಹಿರಿಯರಂತೆ, ಪ್ರೊಫೆಸರ್ ಕೆಂಪಣ್ಣನವರದೇ ಒಂದು ಲೇಖನ. ಕಾಫಿತೋಟದ ಕೂಲಿ ಬಂದ ಕಡೆಯಲ್ಲೆಲ್ಲ ಮುಯ್ಯಾಳು ಅಳಿಯಿತು ಎನ್ನುವುದು ಆ ಲೇಖನದ ಸಾರ. ಆ ವಿಷಯಕ್ಕೆ ಅದೇ ಕೊನೆಯ ಮಾತು ಎಂದು ಲೈಬ್ರರಿಯಲ್ಲಿ ಎಲ್ಲರೂ ಹೇಳುತ್ತಿದ್ದರು. ಯಮುನ ಅದನ್ನು ಭಕ್ತಿಯಿಂದ ಎತ್ತಿ ಬರೆದಿದ್ದಳು.

ಕೆಂಪಣ್ಣನವರು ಬೇಸಿಗೆ ರಜೆಗೆ ಮಡಿಕೇರಿಗೆ ಬಂದು ಕೋಟೆಯ ಹಿಂದೆ ಒಂದು ಬಾಡಿಗೆ ಮನೆಯಲ್ಲಿ ಇರುತ್ತಿದ್ದರು. ಹವಾ ಬದಲಾವಣೆಗೆ ಎಂದು ಹೆಸರು. ಸುಮ್ಮನೆ ಇರಲು ಬರದ ಜೀವ, ಕೊಡಗಿನಿಂದ ತಮ್ಮ ಬಳಿ ಎಂ.ಎ. ಮಾಡುತ್ತಿದ್ದವರನ್ನೆಲ್ಲ ಶನಿವಾರ ಶನಿವಾರ ಕರೆಸಿ ಬರೆಯುವುದನ್ನು ಕಲಿಸುತ್ತಿದ್ದರು. ಎಲ್ಲರೆಂದರೆ ಮೂವರೇ: ಯಮುನ, ಬಿಟ್ಟಂಗಾಲದ ಬೋಜಮ್ಮ, ಫ್ರೇಜರ್‌ಪೇಟೆಯ ತಿಮ್ಮಯ್ಯ. ತಿಮ್ಮಯ್ಯನ ಅಜ್ಜ ಹಾಸನದ ಕಡೆಯಿಂದ ಬಂದು ಅಲ್ಲಿ ನೆಲೆ ನಿಂತವನು; ಪ್ರೊಫೆಸರೂ ಹಾಸನದ ರೈತರ ಮನೆಯವರಾದ್ದರಿಂದ ತನಗೆ ಒಂದು ಹಿಡಿ ಹೆಚ್ಚು ಸಲಿಗೆ ಇದೆ ಎಂದು ಅವನು ನಂಬಿದ್ದ. ಬರೆದ ಹಾಳೆಗಳನ್ನು ಮೇಜಿನ ಮೇಲೆ ಬೋರಲಾಗಿ ಇಡಬೇಕು, ಏನು ಕಂಡುಕೊಂಡೆ ಎನ್ನುವುದನ್ನು ಮೊದಲು ಕನ್ನಡದಲ್ಲಿ ಬಾಯಿಬಿಟ್ಟು ಹೇಳಬೇಕು: ಇದು ಅವರ ಕ್ರಮ. ಬಾಯಲ್ಲಿ ಹೇಳಲು ಬಾರದ್ದನ್ನು ಇಂಗ್ಲಿಷಿನಲ್ಲಿ ಬರೆದರೆ ಅದು ಬರೀ ಶಬ್ದ ಎನ್ನುತ್ತಿದ್ದರು. ಉಳಿದಿಬ್ಬರು ಕೇಳಿ, ಕೆದಕಿ, ಒಪ್ಪದಿದ್ದರೆ ಒಪ್ಪುವುದಿಲ್ಲ ಎನ್ನಬೇಕು. ಬೋಜಮ್ಮ ಮೊದಲ ದಿನವೇ ಪಟಪಟನೆ ಹೇಳಿ ಎಲ್ಲರನ್ನೂ ನಗಿಸಿದ್ದಳು. ಯಮುನ ಮಾತ್ರ ಪ್ರತಿ ವಾರವೂ ಹಾಳೆಯನ್ನು ಬೋರಲು ಹಾಕಲು ಮರೆತವಳಂತೆ ನಟಿಸಿ ಓದಿಬಿಡುತ್ತಿದ್ದಳು. ಅವರೂ ಹುಡುಗಿ ಹೆದರುತ್ತಾಳೆಂದು ಬಿಟ್ಟಿದ್ದರು.

ಹೋದ ಶನಿವಾರ ಬಿಡಲಿಲ್ಲ. ಅವಳು ಓದುತ್ತಿದ್ದಂತೆ ಎದ್ದು ಬಂದು, ಹಾಳೆಯನ್ನು ಮೆಲ್ಲಗೆ ಅವಳ ಕೈಯಿಂದ ತೆಗೆದುಕೊಂಡು, ಬೇರೆಯವರ ಮಾತು ಇರುವ ಕಡೆಯಲ್ಲೆಲ್ಲ ಕೆಂಪು ಗೆರೆ ಎಳೆಯಲು ಶುರುಮಾಡಿದರು. ಇಂಥವರು ಹೇಳುವ ಹಾಗೆ, ಇನ್ನೊಬ್ಬರ ಅಭಿಪ್ರಾಯದಲ್ಲಿ, ಮತ್ತೊಬ್ಬರು ತೋರಿಸಿಕೊಟ್ಟಂತೆ. ಗೆರೆಯ ಕೆಳಗೆ ಗೆರೆ. ಲೇಖನಿ ಹಾಳೆಯ ಮೇಲೆ ಕಿರ್ ಎನ್ನುವ ಸದ್ದು ಮಾತ್ರ ಕೋಣೆಯಲ್ಲಿತ್ತು. ಪುಟದ ತಳಕ್ಕೆ ಬಂದಾಗ ಗೆರೆ ಬೀಳದ ಒಂದು ಸಾಲೂ ಉಳಿದಿರಲಿಲ್ಲ. "ಎಲ್ಲರೂ ಬಂದಿದ್ದಾರೆ ಯಮುನಾ. ನೀವೊಬ್ಬರು ಬಂದಿಲ್ಲ," ಎಂದು ಅವರು ಬೇಸರದಿಂದಲ್ಲ, ಕನಿಕರದಿಂದ ಹೇಳಿದ್ದರು. ತಿಮ್ಮಯ್ಯ ನಕ್ಕ. ಬೋಜಮ್ಮ ನಗಲಿಲ್ಲ, ಕಿಟಕಿಯ ಹೊರಗೆ ನೋಡಿದಳು. ಆ ನಗೆಗಿಂತ ಈ ನೋಡದಿರುವುದೇ ಯಮುನಳಿಗೆ ಹೆಚ್ಚು ಚುಚ್ಚಿತು. ಅವತ್ತು ಬಸ್ಸಿನಲ್ಲಿ ಚೀಲವನ್ನು ಎದೆಗೆ ಅವಚಿಕೊಂಡು ಬಂದಿದ್ದಳು.

ತಾನು ಮಾಡಿದ ತಪ್ಪು ಏನೆಂದು ಅವಳಿಗೆ ನಿಜವಾಗಿಯೂ ತಿಳಿದಿರಲಿಲ್ಲ. ಮರ್ಯಾದೆ ಎಂದುಕೊಂಡು ಮಾಡಿದ್ದಳು. ಅವಳ ಮನೆಯಲ್ಲಿ ಯಾರೂ ನಾಲ್ಕು ಜನರ ನಡುವೆ ಹಾಗೇ ಮಾತು ತೆಗೆಯುವುದಿಲ್ಲ. ಮದುವೆಯಲ್ಲಿ ಧಾರೆ ಇರಲಿ, ಬಡಿಸಲು ಎಲೆ ಹಾಸುವುದಿರಲಿ, ಮಾತಿಗೆ ನಿಂತವನು ಮೊದಲು ಹತ್ತು ಕುಟುಂಬ ಹದಿನೆಂಟು ಗೋತ್ರದವರಲ್ಲಿ, ಅಂದರೆ ಇಡೀ ಕುಲದವರಲ್ಲಿ, ಕೇಳಬೇಕು, ಕೂತವರೆಲ್ಲ ಒಟ್ಟಿಗೆ 'ಒಳ್ಳೆದ್' ಎನ್ನಬೇಕು, ಆಮೇಲೆ ಕೆಲಸ. ಕೇಳದೆ ಮಾಡಿದವನನ್ನು ಮೂರು ತಲೆಮಾರು ಆಡಿಕೊಳ್ಳುತ್ತಾರೆ. ಹಾಗೆ ಬೆಳೆದವಳಿಗೆ ಲೈಬ್ರರಿಯಲ್ಲಿ ಸಾಲಾಗಿ ನಿಂತ ಪುಸ್ತಕಗಳು ಚಪ್ಪರದಲ್ಲಿ ಸಾಲಾಗಿ ಕೂತ ಹಿರಿಯರಂತೆಯೇ ಕಂಡಿದ್ದವು. ಒಬ್ಬರನ್ನೂ ಬಿಡದೆ ಕೇಳುತ್ತಾ ಹೋಗಿದ್ದಳು. ಯಾರಾದರೂ ಒಬ್ಬರ ಹೆಸರು ಬಿಟ್ಟುಹೋಗಿದೆಯೆಂದು ನೆನಪಾಗಿ ನಿದ್ದೆಯಿಂದ ಎದ್ದು ಕೂತದ್ದೂ ಇತ್ತು. ಇಷ್ಟೆಲ್ಲ ಕೈಮುಗಿದದ್ದು ಕೆಂಪು ಗೆರೆಯಾಗಿ ತಿರುಗಿ ಬಂತಲ್ಲ ಎಂಬುದೇ ಅವಳ ಸಂಕಟ. ಬಸ್ಸು ಬೆಟ್ಟಗೇರಿಯಲ್ಲಿ ನಿಂತಿತು. ಕೋಳಿ ಕಟ್ಟಿದ್ದ ಬುಟ್ಟಿಯೊಂದು ಅವಳ ಕಾಲ ಬಳಿ ಬಂದು ಕೂತಿತು.

ಆದರೆ ಅವಳಲ್ಲಿ ಹೇಳಲು ಏನೂ ಇರಲಿಲ್ಲವೆಂದಲ್ಲ. ಇತ್ತು, ಅದೇ ಕಷ್ಟ. ಕಳೆದ ಮಳೆಗಾಲದ ಆಟಿ ತಿಂಗಳಲ್ಲಿ ಗಂಡಸರ ಜಗಲಿಗಳನ್ನು ಮುಗಿಸಿ ಮನೆಗೆ ಬಂದರೆ ಅವ್ವ ಬೊಳ್ಳಮ್ಮ ಮನೆಯಲ್ಲಿ ಇರುತ್ತಿರಲಿಲ್ಲ. ಒಂದು ದಿನ ನೆರೆಮನೆಯ ಗಂಗಮ್ಮನ ಗದ್ದೆಯಲ್ಲಿ ನಾಟಿ. ಇನ್ನೊಂದು ದಿನ ಅದೇ ಗಂಗಮ್ಮ ಇವರ ಹಿತ್ತಿಲಲ್ಲಿ ಒನಕೆ ಹಿಡಿದು ನಿಂತಿರುತ್ತಿದ್ದಳು. ಮತ್ತೊಂದು ದಿನ ಅವ್ವ ಎಣ್ಣೆ ಗಿಂಡಿ ಹಿಡಿದು ಬಾಣಂತಿಯೊಬ್ಬಳ ಮನೆಗೆ ಹೋಗುತ್ತಿದ್ದಳು. ಆ ಬಾಣಂತಿಯ ಅತ್ತೆ ಸುಗ್ಗಿಯಲ್ಲಿ ಇವರ ಕಣಕ್ಕೆ ಬಂದಳು. ಯಮುನ ಮೊದಮೊದಲು ನೋಡಿಯೂ ನೋಡಲಿಲ್ಲ. ದಿನಾ ನೋಡುವಂಥದ್ದು ಕಣ್ಣಿಗೆ ಬೀಳುವುದು ಕಷ್ಟ. ಒಂದು ದಿನ ಹೊಸ್ತಿಲ ಮೇಲೆ ಕೂತು ಕಾಲಿನ ಕೆಸರು ಕೆರೆಯುತ್ತಿದ್ದ ಅವ್ವನನ್ನು, ಇದು ಮುಯ್ಯಾಳಲ್ಲವಾ ಎಂದು ಕೇಳಿದಳು. ಅವ್ವ ನಕ್ಕುಬಿಟ್ಟಳು. ಮುಯ್ಯಾಳು ಗಂಡಸರದ್ದು, ಅದು ನಿಂತು ಹೋಯಿತು. ಇದು ಸುಮ್ಮನೆ ಹೋಗಿ ಬಂದು ಮಾಡುವುದು ಎಂದಳು. ಅವ್ವನೂ ಗಂಡಸರ ಕಡೆಗೇ ಸಾಕ್ಷಿ ಹೇಳಿದ ಹಾಗಾಯಿತು. ಆದರೂ ಯಮುನ ಬಿಡದೆ ನೋಡುತ್ತಾ ಹೋದಳು, ಯಾರು ಯಾರ ಮನೆಗೆ ಹೋದರು, ಯಾರು ತಿರುಗಿ ಬಂದರು ಎಂದು. ಪದ್ಮಯ್ಯ ಮಾವನ ಹೆಂಡತಿ ರುದ್ರಮ್ಮತ್ತೆಯ ನಾಟಿಗೆ ನೀವ್ಯಾರೂ ಹೋಗುವುದಿಲ್ಲವೇ ಎಂದು ಕೇಳಿದಾಗ ಮಾತ್ರ ಅವ್ವನ ಮುಖ ಹುಳಿಯಾಯಿತು. "ಅಲ್ಲಿಗೆ ನಾವು ಹೋಕೆ ಇಲ್ಲೆ," ಎಂದು ಒಳಗೆ ಎದ್ದು ಹೋದಳು. ಗಂಗಮ್ಮನ ಮಗಳು ಹೆತ್ತು ಮಲಗಿದ್ದಾಗ ರುದ್ರಮ್ಮತ್ತೆ ಒಂದು ದಿನವೂ ಮೀಯಿಸಲು ಹೋಗಲಿಲ್ಲವಂತೆ. ಅದಕ್ಕೆ ಮೊದಲು ಇವರೆಲ್ಲ ಅವಳ ಗದ್ದೆಯಲ್ಲಿ ನೆಟ್ಟು ಬಂದಿದ್ದರಂತೆ. ಹೆಂಗಸರ ಹುಳುಕು, ಪ್ರಬಂಧಕ್ಕೆ ಬೇಡ ಎಂದು ಯಮುನ ಅದನ್ನು ಬರೆದುಕೊಳ್ಳಲೂ ಇಲ್ಲ.

ಉಳಿದದ್ದನ್ನು ಬರೆದಿದ್ದಳು. ಎಲ್ಲಿ? ಅಡಿಟಿಪ್ಪಣಿಯಲ್ಲಿ. ಪುಟದ ತಳದಲ್ಲಿ, ಸಣ್ಣ ಅಕ್ಷರದಲ್ಲಿ, ಹೆಂಗಸರಲ್ಲಿ ಇದನ್ನು ಹೋಲುವ ಕೆಲವು ಪದ್ಧತಿಗಳು ಇರಬಹುದೇನೋ ಎಂಬ ಒಂದು ಸಾಲು. ಇರಬಹುದೇನೋ. ತನ್ನ ಕಣ್ಣಾರೆ ಕಂಡದ್ದಕ್ಕೆ, ಕಾಲಿನ ಕೆಸರಿನ ಸಮೇತ ಹೊಸ್ತಿಲ ಮೇಲೆ ಕೂತಿದ್ದ ಅವ್ವನಿಗೆ, ಇರಬಹುದೇನೋ ಎಂದು ಬರೆದಿದ್ದಳು. ಏಕೆಂದರೆ ಅದನ್ನು ಮೇಲೆ ತಂದರೆ ಪ್ರೊಫೆಸರ್ ಕೆಂಪಣ್ಣನವರ ಲೇಖನ ತಪ್ಪು ಎಂದಾಗುತ್ತದೆ. ಸಹಿ ಹಾಕಬೇಕಾದವರು ಅವರೇ. ಇದು ಹೆದರಿಕೆಯ ಲೆಕ್ಕ, ಆದರೆ ಬರೀ ಹೆದರಿಕೆಯಲ್ಲ. ಕೈಹಿಡಿದು ಬರೆಯಲು ಕಲಿಸಿದವರ ಮುಖಕ್ಕೇ ನೀವು ತಪ್ಪಿದಿರಿ ಎನ್ನುವ ಬಾಯಿ ಅವಳಿಗೆ ಹುಟ್ಟಿನಿಂದಲೇ ಇರಲಿಲ್ಲ. ಹೇಳದೆ ಇದ್ದದ್ದಕ್ಕೆ ಅವ್ವನ ಮುಂದೆ ನಾಚಿಕೆ, ಹೇಳಿದರೆ ಗುರುವಿನ ಮುಂದೆ ನಾಚಿಕೆ. ವಾರವೆಲ್ಲ ಅವ್ವ ಹಾಲು ತಂದಿಟ್ಟು, ಬರೆದು ಆಯಿತಾ ಎಂದು ಕೇಳಿದಾಗ ಅವಳು ಆ ಪುಟವನ್ನು ಮೊಣಕೈಯಿಂದ ಮುಚ್ಚಿಕೊಳ್ಳುತ್ತಿದ್ದಳು, ಅವ್ವನಿಗೆ ಓದಲು ಬರುವುದಿಲ್ಲ ಎಂಬುದು ಗೊತ್ತಿದ್ದೂ.

ಮಡಿಕೇರಿಯಲ್ಲಿ ಇಳಿದಾಗ ಗಾಳಿ ತಣ್ಣಗಿತ್ತು. ಪದ್ಮಯ್ಯ ಮಾವ ಕೊಡೆ ಊರಿಕೊಂಡು ಕಚೇರಿಯ ಕಡೆ ಹೊರಟರು. ಹೋಗುವಾಗ, ಏನಾದರೂ ಬರೆ, ಹುಡುಗಿಯರು ಓದಿದರೆ ಚಂದವೇ ಎಂದು ಆಶೀರ್ವಾದವೋ ಸಮಾಧಾನವೋ ತಿಳಿಯದ ಒಂದು ಮಾತು ಎಸೆದು ಹೋದರು. ಯಮುನ ಕೋಟೆಯ ಕಡೆಯ ಏರು ಹತ್ತಿದಳು. ಜ್ವರವೆಂದು ಹೇಳಿ ತಿರುಗಿ ಹೋಗಿಬಿಡಲೇ ಎನಿಸಿತು. ಇಲ್ಲವೇ ಹೊಸದಾಗಿ ಇಬ್ಬರು ಹಿರಿಯರನ್ನು ಸೇರಿಸಿ ಬರೆದಿದ್ದೇನೆ ಸರ್ ಎಂದು ಹೇಳಲೇ ಎಂದುಕೊಂಡಾಗ, ಎಲ್ಲಿಂದಲೋ, ಯಾಕೋ, ಬೊಳ್ಳಪ್ಪಣ್ಣನ ನೆನಪಾಯಿತು. ದೊಡ್ಡಪ್ಪನ ಮಗ ಬೊಳ್ಳಪ್ಪಣ್ಣ. ಅವಳು ಲಂಗ ಉಡುತ್ತಿದ್ದ ಕಾಲ. ಮನೆಯ ಮದುವೆಯೊಂದರಲ್ಲಿ ಮಾತಿಗೆ ನಿಲ್ಲಬೇಕಾದ ಹಿರಿಯರಿಗೆ ಗಂಟಲು ಕಟ್ಟಿ, ಇವನನ್ನು ಮೊದಲ ಬಾರಿಗೆ ನಿಲ್ಲಿಸಿದ್ದರು. ಮೊಣಕಾಲಿನವರೆಗೆ ಇಳಿಬಿದ್ದ ಬಿಳಿ ಕುಪ್ಪಸ, ಕೆಂಪು ನಡುಕಟ್ಟು, ಹಣೆಯ ಮೇಲೆ ಬೆವರು. ಹತ್ತು ಕುಟುಂಬ ಹದಿನೆಂಟು ಗೋತ್ರದವರಲ್ಲಿ ಕೇಳಿದ. ಎಲ್ಲರೂ 'ಒಳ್ಳೆದ್' ಎಂದರು. ಚಪ್ಪರ ನಿಶ್ಶಬ್ದವಾಯಿತು. ಈಗ ಅವನು ಹೇಳಬೇಕು. ಬೊಳ್ಳಪ್ಪಣ್ಣ ಎಂಜಲು ನುಂಗಿದ. ಮತ್ತೊಮ್ಮೆ ಹತ್ತು ಕುಟುಂಬದವರಲ್ಲಿ ಕೇಳಿದ. ಎಲ್ಲರೂ ಸ್ವಲ್ಪ ಅನುಮಾನದಿಂದ 'ಒಳ್ಳೆದ್' ಎಂದರು. ಮತ್ತೂ ಕೇಳಿದ. ಊರಿನವರಲ್ಲಿ ಕೇಳಿದ, ನೆಂಟರಲ್ಲಿ ಕೇಳಿದ, ಬಾರದೆ ಇದ್ದವರಲ್ಲೂ ಕೇಳಿದ. ವರ ನಿಂತ ಕಾಲು ಬದಲಿಸಿದ. ಕೊನೆಗೆ ಅಡುಗೆ ಒಲೆಯ ಕಡೆಯಿಂದ, ಹೊಗೆಗೆ ಕಣ್ಣು ಒರೆಸಿಕೊಳ್ಳುತ್ತಾ ಬಂದ ಗಂಗಮ್ಮ, ಚಪ್ಪರದ ಕಂಬ ಹಿಡಿದು ನಿಂತು ಹೇಳಿದಳು:

"ಕೇಳ್ದ್ ಸಾಕ್ ಹೈದ. ಇನ್ನ್ ಹೇಳ್."

ಚಪ್ಪರವೆಲ್ಲ ಗೊಳ್ಳೆಂದಿತು. ಬೊಳ್ಳಪ್ಪಣ್ಣ ಆ ನಗೆಯ ನಡುವೆಯೇ ಹೇಳಬೇಕಾದ್ದನ್ನು ಹೇಳಿ ಮುಗಿಸಿದ, ಚೆನ್ನಾಗಿಯೇ ಹೇಳಿದ. ಯಮುನ ಏರಿನ ನಡುವೆ ನಿಂತುಬಿಟ್ಟಳು. ಹಿಂದಿನಿಂದ ಬರುತ್ತಿದ್ದ ಸೌದೆಯವನು ಗೊಣಗಿ ಪಕ್ಕಕ್ಕೆ ಹಾಯ್ದು ಹೋದ. ಅವಳಿಗೆ ನಗು ಬಂತು, ನಡುರಸ್ತೆಯಲ್ಲಿ ಒಬ್ಬಳೇ, ಸೆರಗನ್ನು ಬಾಯಿಗೆ ಒತ್ತಿಕೊಳ್ಳುವಷ್ಟು. ನಾಲ್ಕನೆಯ ಅಧ್ಯಾಯ ಎಂದರೆ ಬೊಳ್ಳಪ್ಪಣ್ಣ. ಪುಟ ಪುಟವೂ ಬೊಳ್ಳಪ್ಪಣ್ಣ. ಕೇಳುವುದು ತಪ್ಪಲ್ಲ, ಕೇಳಲೇಬೇಕು. ಆದರೆ ಕೇಳುವುದು ಹೇಳುವುದಕ್ಕಾಗಿ. ಅಷ್ಟು ಜನ ಹಿರಿಯರು ಒಳ್ಳೆಯದು ಎಂದು ದಾರಿ ಬಿಟ್ಟು ಕಾಯುತ್ತಿದ್ದಾರೆ, ನಾನೋ ಮತ್ತೆ ಮತ್ತೆ ಎರಗಲು ಅವರ ಕಾಲನ್ನೇ ಹುಡುಕುತ್ತಿದ್ದೇನೆ. ನಗು ನಿಂತ ಮೇಲೆ ಹೆದರಿಕೆ ಹಾಗೆಯೇ ಇತ್ತು. ಆದರೆ ಈಗ ಅದು ಬೇರೆ ಹೆದರಿಕೆ, ಕಾಲು ಹಿಂದಕ್ಕೆ ಎಳೆಯುವುದಲ್ಲ.

ಕೋಣೆಯಲ್ಲಿ ಆಗಲೇ ಇಬ್ಬರೂ ಕೂತಿದ್ದರು. ತಿಮ್ಮಯ್ಯ ತನ್ನ ಪಾಲಿನದನ್ನು ಹೇಳಿ ಮುಗಿಸಿ ಗೆದ್ದವನಂತೆ ಕಾಲು ಚಾಚಿದ್ದ. ಪ್ರೊಫೆಸರ್ ಕೆಂಪಣ್ಣನವರು ಕಂಬಳಿಯ ಕೋಟಿನೊಳಗೆ ಇನ್ನಷ್ಟು ಸಣ್ಣಗೆ ಕಾಣುತ್ತಿದ್ದರು. ಮೇಜಿನ ಮೇಲೆ ಮಸಿಕುಡಿಕೆ ಎರಡು, ಕೆಂಪು ಒಂದು, ಕಪ್ಪು ಒಂದು. ಯಮುನ ಹಾಳೆಗಳನ್ನು ತೆಗೆದು, ಯಾರೂ ಹೇಳುವ ಮೊದಲೇ, ಬೋರಲಾಗಿ ಇಟ್ಟಳು. ಬೋಜಮ್ಮ ತಲೆ ಎತ್ತಿದಳು.

ಶುರು ಮಾಡಿದಾಗ ಬಾಯಿಗೆ ಬಂದದ್ದು ಮಾತ್ರ ಹಳೆಯದೇ. ಇಂಥವರು ತೋರಿಸಿರುವ ಹಾಗೆ, ಅಂದಳು. ಬೋರಲು ಬಿದ್ದ ಹಾಳೆಯ ಬೆನ್ನಿನ ಮೇಲೆ ಮಸಿ ಇಳಿದು ಅಕ್ಷರಗಳು ಉಲ್ಟಾ ಕಾಣುತ್ತಿದ್ದವು. ಅವನ್ನು ಓದಲು ಆಗುತ್ತದೆಯೇ ಎಂದು ಕಣ್ಣು ಕಳ್ಳತನದಿಂದ ಪ್ರಯತ್ನಿಸಿತು. ತಿಮ್ಮಯ್ಯನ ತುಟಿಯ ಮೂಲೆ ಏಳುತ್ತಿತ್ತು. ಯಮುನ ಬಾಯಿ ಮುಚ್ಚಿದಳು. ಕಣ್ಣನ್ನು ಹಾಳೆಯಿಂದ ಕಿತ್ತಳು.

"ಮುಯ್ಯಾಳು ಅಳಿದಿಲ್ಲ ಸರ್," ಎಂದಳು. "ಅದು ಗಂಡಸರ ಕೈಯಿಂದ ಹೆಂಗಸರ ಕೈಗೆ ದಾಟಿದೆ. ದಿನಕ್ಕೆ ದಿನ ಅನ್ನುವ ಲೆಕ್ಕ ಬಿಟ್ಟಿದೆ. ನಾಟಿಗೆ ಬಾಣಂತನ, ಬಾಣಂತನಕ್ಕೆ ಭತ್ತ ಕುಟ್ಟುವುದು, ಹಾಗೆ ನಡೀತಿದೆ. ಅಳಿಯಿತು ಅಂತ ನಿಮ್ಮ ಲೇಖನದಲ್ಲಿ ಇದೆ. ಅದು ಸರಿಯಲ್ಲ ಅಂತ ನನಗೆ ಕಾಣ್ತದೆ."

ಹೇಳಿಯಾಯಿತು. ಹೊರಗೆ ಯಾರದೋ ಮನೆಯಲ್ಲಿ ಕೊಡ ಇಳಿಸಿದ ಸದ್ದಾಯಿತು. ಚಾವಣಿ ಬೀಳಲಿಲ್ಲ ಎನ್ನುವುದೇ ಯಮುನಳಿಗೆ ಮೊದಲು ಕಂಡ ಸಂಗತಿ. ಪ್ರೊಫೆಸರು ಕಣ್ಣು ಮುಚ್ಚಿಕೊಂಡಿದ್ದರು. ಸಿಟ್ಟೋ ಯೋಚನೆಯೋ ತಿಳಿಯಲಿಲ್ಲ. ಮಾತಾಡಿದವನು ತಿಮ್ಮಯ್ಯ. ಗುರುವಿನ ಪರವಾಗಿ ಕತ್ತಿ ಎಳೆಯುವ ಅವಕಾಶ ಅವನಿಗೆ ದಿನಾ ಸಿಗುವುದಿಲ್ಲ. ಆದರೆ ಅವನು ಕೇಳಿದ್ದು ದಡ್ಡ ಪ್ರಶ್ನೆಯಲ್ಲ, ಅದನ್ನು ಒಪ್ಪಬೇಕು. ಇದು ನೆರೆಹೊರೆಯವರ ಪ್ರೀತಿ ಅಷ್ಟೇ ಕಣ್ರೀ, ಎಂದ ಅವನು. ನಮ್ಮ ಕಡೆಯೂ ಹೆಂಗಸರು ಒಬ್ಬರಿಗೊಬ್ಬರು ಆಗ್ತಾರೆ. ಮುಯ್ಯಿ ಅಂದರೆ ತೀರಿಸಲೇಬೇಕು, ತೀರಿಸದಿದ್ದರೆ ಶಿಕ್ಷೆ ಇರಬೇಕು. ಇಲ್ಲಿ ಶಿಕ್ಷೆ ಎಲ್ಲಿದೆ? ಇಲ್ಲದಿದ್ದರೆ ಇದನ್ನ ಪದ್ಧತಿ ಅಂತ ಹೇಗೆ ಕರೀತೀರಿ?

ಒಂದು ಗಳಿಗೆ ಯಮುನಳಿಗೆ ಎಲ್ಲವೂ ಮುಗಿಯಿತು ಎನಿಸಿತು. ಅವ್ವನೇ ಹೇಳಿದ್ದಳಲ್ಲ, ಸುಮ್ಮನೆ ಹೋಗಿ ಬಂದು ಮಾಡುವುದು ಎಂದು. ಅವ್ವನ ಕಾಲಿನ ಕೆಸರು, ಅವ್ವನ ನಗು. ಆಮೇಲೆ ಅವ್ವನ ಹುಳಿಯಾದ ಮುಖ. ಅಲ್ಲಿಗೆ ನಾವು ಹೋಕೆ ಇಲ್ಲೆ. ಯಮುನಳ ಮನಸ್ಸು ಆ ಮುಖದ ಮೇಲೆ ನಿಂತಿತು. ಸುಮ್ಮನೆ ಮಾಡುವುದಾದರೆ ಮುಖ ಯಾಕೆ ಹುಳಿಯಾಗಬೇಕು? ರುದ್ರಮ್ಮತ್ತೆ ಮೀಯಿಸಲು ಹೋಗಲಿಲ್ಲ. ಮುಂದಿನ ವರ್ಷ ಒಬ್ಬ ಹೆಂಗಸೂ ಅವಳ ಗದ್ದೆಗೆ ಇಳಿಯಲಿಲ್ಲ. ಗದ್ದೆ ನಾಟಿಯಾಗದೆ ನಿಂತಿತು. ಆಗ, ಬೆಳಗಿನ ಬಸ್ಸಿನಲ್ಲಿ ಕೊಡೆ ಹಿಡಿದು ಕೂತು ಹಿಂದೆ ತಿರುಗಿದ ಆ ಮುಖ. ನನ್ನ ಗದ್ದೆಗೆ ಯಾರೂ ಬಾದಿಲ್ಲೆ. ನಾ ಈಗ ಕೂಲಿಗೆ ಆಳ್ ಹಿಡಿದೆ. ಗಂಡನೂ ಹೆಂಡತಿಯೂ ಒಂದೇ ಮನೆಯಲ್ಲಿ ಇದ್ದವರು ಅವಳ ತಲೆಯಲ್ಲಿ ಇಷ್ಟು ಕಾಲ ಬೇರೆ ಬೇರೆ ಕೂತಿದ್ದರು, ಒಬ್ಬರು ಮೊದಲ ಪುಟದಲ್ಲಿ, ಇನ್ನೊಬ್ಬರು ಬರೆಯಲೇ ಇಲ್ಲದ ಕಡೆ. ಈಗ ಒಬ್ಬರ ಪಕ್ಕದಲ್ಲಿ ಒಬ್ಬರು ಬಂದು ನಿಂತರು.

"ಶಿಕ್ಷೆ ಇದೆ," ಎಂದಳು. ತನ್ನ ದನಿ ಇಷ್ಟು ಗಟ್ಟಿ ಇದೆಯೆಂದು ಅವಳಿಗೇ ತಿಳಿದಿರಲಿಲ್ಲ. ರುದ್ರಮ್ಮತ್ತೆಯ ಸಂಗತಿಯನ್ನು ಹೆಸರು ಹೇಳದೆ ವಿವರಿಸಿದಳು. ತೀರಿಸದವಳ ಗದ್ದೆಗೆ ಯಾರೂ ಹೋಗಲಿಲ್ಲ, ಅವಳ ಗಂಡ ಎಸ್ಟೇಟಿನಿಂದ ಕೂಲಿಯವರನ್ನು ತರಬೇಕಾಯಿತು ಎಂದಳು. ಯಾಕೆ ಬರಲಿಲ್ಲವೆಂದು ಆ ಗಂಡನಿಗೆ ಇವತ್ತಿಗೂ ಗೊತ್ತಿಲ್ಲ. ಕಾಲ ಕೆಟ್ಟಿತು, ಮುಯ್ಯಾಳು ಸತ್ತಿತು ಎಂದು ಅವರು ತಿಳಿದಿದ್ದಾರೆ. ನಾನು ಕೇಳಿದಾಗ ಹಾಗೆಯೇ ಹೇಳಿದರು, ನಾನೂ ಹಾಗೆಯೇ ಬರೆದೆ. "ಅವರು ಕೂಲಿ ಹಿಡಿದದ್ದು ಮುಯ್ಯಾಳು ಇಲ್ಲ ಅಂತ ಅಲ್ಲ. ಇದೆ, ಅದಕ್ಕೇ ಹಿಡಿದದ್ದು. ಅವರ ಮಾತನ್ನ ನಾನು ಸತ್ತದ್ದಕ್ಕೆ ಸಾಕ್ಷಿ ಅಂತ ಮೊದಲ ಪುಟದಲ್ಲಿ ಇಟ್ಟಿದ್ದೆ. ಅದು ಬದುಕಿರುವುದಕ್ಕೆ ಸಾಕ್ಷಿ."

ಬೋಜಮ್ಮ "ಅಯ್ಯೋ ದೇವರೇ" ಎಂದು ಮೆಲ್ಲಗೆ ಅಂದು ಎರಡು ಕೈಯಿಂದ ಬಾಯಿ ಮುಚ್ಚಿಕೊಂಡಳು, ಸಂತೋಷಕ್ಕೆ. ತಿಮ್ಮಯ್ಯ ಚಾಚಿದ ಕಾಲನ್ನು ಎಳೆದುಕೊಂಡು ನೆಟ್ಟಗೆ ಕೂತ. ಆಮೇಲೆ, ಅವನ ದೊಡ್ಡತನವೆಂದು ಇದನ್ನೂ ಹೇಳಬೇಕು, ಒಪ್ಪಿದೆ ಎಂದು ತಲೆ ಆಡಿಸಿದ. ಯಮುನ ಅವನನ್ನು ನೋಡುತ್ತಿರಲಿಲ್ಲ. ಅವಳಿಗೆ ಇವತ್ತಿನವರೆಗೆ ಬೇರೆಯವರ ಮಾತು ಸಿಕ್ಕಿದಾಗ ಆಗುತ್ತಿದ್ದ ಸಂತೋಷ ಗೊತ್ತಿತ್ತು. ಇದು ಅದಲ್ಲ. ಕೋಣೆ, ಕಿಟಕಿ, ಕಿಟಕಿಯಾಚೆಯ ಕೋಟೆಯ ಗೋಡೆ ಎಲ್ಲವೂ ಮೀಸಿ ಒರೆಸಿದಂತೆ ಸ್ಪಷ್ಟವಾಗಿ ಕಾಣುತ್ತಿದ್ದವು. ಇದು ನನ್ನದು, ಇದನ್ನು ಕಂಡವಳು ನಾನು, ಎಂದುಕೊಂಡಳು. ಎಂದುಕೊಳ್ಳಲು ನಾಚಿಕೆಯಾಗಲಿಲ್ಲ.

ಪ್ರೊಫೆಸರ್ ಕೆಂಪಣ್ಣನವರು ಕಣ್ಣು ತೆರೆದಾಗ ಅವು ಒದ್ದೆಯಾಗಿದ್ದವು. ಅವರು ಮಾತಾಡಿದ್ದು ಪಾಠ ಹೇಳುವ ದನಿಯಲ್ಲಿ ಅಲ್ಲ. ಇಂಗ್ಲಿಷು, ಮೈಸೂರು ಎಲ್ಲವನ್ನೂ ದಾಟಿ ಹಿಂದೆ ಹೋದ, ಅವರ ಹುಟ್ಟೂರಿನ ದನಿಯಲ್ಲಿ.

"ನಮ್ಮವ್ವ ಸಿದ್ದಮ್ಮ ಊರೋರ ಮನೆಗೆಲ್ಲ ಭತ್ತ ಕುಟ್ಟಕ್ಕೆ ಹೋಗೋಳು," ಎಂದರು. "ಕೂಲಿಗೆ ಹೋಯ್ತಾಳೆ ಅಂತ ನಂಗೆ ನಾಚಿಕೆ ಆಗದು. ಇಸ್ಕೂಲಲ್ಲಿ ಯಾರಿಗೂ ಹೇಳ್ತಿರಲಿಲ್ಲ. ನಮ್ಮ ಗದ್ದೆ ನಾಟಿ ದಿನ ಇಡೀ ಊರಿನ ಹೆಂಗಸರು ಬರೋರು. ಎರಡನ್ನೂ ನೋಡಿದೀನಿ. ಒಂದಕ್ಕೊಂದು ಸೇರಿಸ್ಲೇ ಇಲ್ಲ ನೋಡಿ. ಲೇಖನ ಬರೆದೆ."

ಅವರು ಬೋರಲು ಬಿದ್ದಿದ್ದ ಹಾಳೆಗಳನ್ನು ತಮ್ಮ ಕಡೆ ಎಳೆದುಕೊಂಡು, ಮಗುಚದೆಯೇ, ಎಲ್ಲಕ್ಕಿಂತ ಮೇಲಿದ್ದ ಹಾಳೆಯ ಬೆನ್ನಿಗೆ ಸಹಿ ಮಾಡಿದರು. ಈಗ ಹೇಳಿದ್ದನ್ನು ಮೊದಲ ಪುಟಕ್ಕೆ ತನ್ನಿ, ಉಳಿದವರನ್ನೆಲ್ಲ ಅದರ ಹಿಂದೆ ಕೂರಿಸಿ, ಸೋಮವಾರ ತಂದುಕೊಡಿ ಎಂದರು. ಅಷ್ಟು ದಿನ ಯಾವ ಸಹಿಗಾಗಿ ಚೀಲ ಹೊತ್ತುಕೊಂಡು ತಿರುಗಿದ್ದಳೋ ಆ ಸಹಿ ಬಿದ್ದದ್ದನ್ನು ಯಮುನ ಸರಿಯಾಗಿ ನೋಡಲೂ ಇಲ್ಲ. ಅವರು ಕೆಂಪು ಮಸಿಕುಡಿಕೆಗೆ ಬಿರಡೆ ಹಾಕಿ ಪಕ್ಕಕ್ಕೆ ಸರಿಸಿ, ಕಪ್ಪು ಮಸಿಯಲ್ಲಿ ಲೇಖನಿ ಅದ್ದಿ, ತಮ್ಮದೇ ಒಂದು ಖಾಲಿ ಹಾಳೆಯನ್ನು ಮುಂದಿಟ್ಟುಕೊಂಡಿದ್ದರು. ಆ ವಾಕ್ಯ ಇನ್ನೊಮ್ಮೆ ಹೇಳಿ, ನಿಧಾನವಾಗಿ, ಬರೆದುಕೊಳ್ಳಬೇಕು ಎಂದರು. ಅವಳು ಹೇಳಿದಳು. ಅವರು ಶಾಲೆಯ ಹುಡುಗನಂತೆ ತಲೆ ಬಗ್ಗಿಸಿ ಬರೆದುಕೊಂಡರು, ಒಂದು ಕಡೆ ನಿಲ್ಲಿಸಿ, ದಾಟಿದೆ ಅಂದಿರಾ, ಹೋಗಿದೆ ಅಂದಿರಾ ಎಂದು ಕೇಳಿ ಸರಿಮಾಡಿಕೊಂಡರು. ಕೆಳಗೆ ಅವಳ ಹೆಸರು ಬರೆದರು. ಮನೆ ಹೆಸರನ್ನೂ ಕೇಳಿದರು. ಮೂಲೆಗದ್ದೆ, ಎಂದಳು. ಮೂಲೆಗದ್ದೆ ಯಮುನ, ಎಂದು ಬಾಯಲ್ಲಿ ಹೇಳಿಕೊಂಡು ಅದನ್ನೂ ಬರೆದರು. ಅಕ್ಷರಗಳು ಅವಳ ಕಡೆಗೆ ಉಲ್ಟಾ ಇದ್ದವು. ಈ ಬಾರಿ ಓದಲು ಏನೂ ಕಷ್ಟವಾಗಲಿಲ್ಲ.

ಬರೆದು ಮುಗಿಸಿ ಲೇಖನಿ ಕೆಳಗಿಟ್ಟು, ಕೋಟಿನ ಗುಂಡಿ ಸರಿಮಾಡಿಕೊಂಡು, ಪ್ರೊಫೆಸರ್ ಕೆಂಪಣ್ಣನವರು ಅವಳ ಕಡೆ ತಿರುಗಿದರು.

"ನಾನು ಆ ಲೇಖನ ತಿದ್ದಿ ಬರೀಬೇಕು. ನಿಮ್ಮ ಹೆಸರು ಹೇಳಿ, ನಿಮ್ಮ ಮಾತನ್ನ ಅದರಲ್ಲಿ ಹಾಕ್ಕೋಬಹುದಾ ಯಮುನಾ? ಕೇಳ್ತಾ ಇದೀನಿ."

ಯಮುನ ಎದ್ದು ನಿಂತಿರಲಿಲ್ಲ, ಮೊಣಕಾಲು ಇವತ್ತು ಅದನ್ನು ಮರೆತಿತ್ತು. ಅವಳು ಕೂತಲ್ಲಿಂದಲೇ, ಹತ್ತು ಕುಟುಂಬ ಹದಿನೆಂಟು ಗೋತ್ರದವರ ಪರವಾಗಿ, ಒಲೆಯ ಹೊಗೆಯಲ್ಲಿ ನಿಂತ ಗಂಗಮ್ಮನ ಪರವಾಗಿ, ಕಾಲಿನ ಕೆಸರು ಕೆರೆಯುತ್ತಿದ್ದ ಅವ್ವನ ಪರವಾಗಿ, ತನ್ನ ಮನೆಯ ಮಾತಿನಲ್ಲೇ ಉತ್ತರ ಕೊಟ್ಟಳು.

"ಒಳ್ಳೆದ್," ಎಂದಳು.